ಹೆಣ್ಣುಮಕ್ಕಳನ್ನು ಕೇಳಿ ಬರುತ್ತಿದ್ದ ದಲ್ಲಾಳಿ

ಅವರ ಪ್ಯಾಂಟಿಗೆ ಮೊಣಕಾಲಿನವರೆಗೂ ಉತ್ತರಾಣಿ ಬೀಜ ಅಂಟಿಕೊಂಡಿರುತ್ತಿತ್ತು. ಗುಂಡ್ಲುಪೇಟೆ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿ ಬೆಂಚಿನ ಮೇಲೆ ಕೂತು ಒಂದೊಂದಾಗಿ ಕಿತ್ತು ಖಾಲಿ ಲೋಟಕ್ಕೆ ಹಾಕುತ್ತಿದ್ದರು. ಅವರು ಜಮೀನಿನ ದಲ್ಲಾಳಿ.

ನನ್ನ ಷಡ್ಡಕನಿಗೆ ತೆರಕಣಾಂಬಿ ರಸ್ತೆಯಲ್ಲಿ ಎರಡು ಎಕರೆ ಕೊಡಿಸಿದ್ದು ಅವರೇ. ಅದರ ಬೆಲೆ ಏರಿದಾಗಲೆಲ್ಲ ನನ್ನ ಹೆಂಡತಿ ಬಡಿಸುತ್ತಾ, "ಭಾವ ಎಷ್ಟು ಜಾಣರು ನೋಡಿ" ಅನ್ನುತ್ತಿದ್ದಳು. ಬಾಯಿಗಿಟ್ಟ ತುತ್ತು ನನಗೆ ಇಳಿಯುತ್ತಿರಲಿಲ್ಲ. ಮೇಷ್ಟ್ರ ಕೆಲಸದಿಂದ ನಿವೃತ್ತನಾಗಿ ಬಂದ ಹಣವನ್ನು ನಾನೂ ಭೂಮಿಗೇ ಹಾಕಬೇಕೆಂದು ಅವರ ಬಳಿ ಹೋದೆ.

ಉಡಿಗಾಲದ ಕಡೆ ಒಂದು ಒಳ್ಳೆಯ ಜಮೀನು ತೋರಿಸಿದರು. ಆಮೇಲೆ ಎಂಟು ತಿಂಗಳು ಕಾಯಿಸಿದರು.

"ಅಣ್ತಮ್ಮಂದ್ರು ಒಪ್ಪವ್ರೆ ಮೇಷ್ಟ್ರೆ. ಗೂಡಲೂರಿಗೆ ಕೊಟ್ಟಿರೊ ಅಕ್ಕ ಒಬ್ಬಳವ್ಳೆ. ಅವಳು ಊಂ ಅನ್ಲಿ, ನೋಡನ."

"ಪಹಣಿಯಲ್ಲಿ ಅವಳ ಹೆಸರೇ ಇಲ್ಲವಲ್ಲ?"

"ಪಹಣೀಲಿ ಇಲ್ದಿದ್ರೆ ಅವಳು ಆ ಮನೇಲಿ ಉಟ್ಟಿಲ್ವಾ? ನಿಮ್ಮುನ್ನ ಬಿಇಒ ಆಫೀಸಲ್ಲಿ ಇದುಕ್ಕಿಂತ ಜಾಸ್ತಿ ಕಾಯ್ಸಿರ್ತಾರೆ, ಬುಡಿ."

ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮನೆಗೆ ಹೋಗಿ, ಜಗಲಿಯ ಮೇಲೆ ಕೂತು, ಮಾರುವುದಕ್ಕೆ ನಿಮಗೆ ಸಮ್ಮತವೇ ಎಂದು ಕೇಳಿ ಬರುವುದು ಅವರ ಪದ್ಧತಿ. ನನಗೆ ಅದು ನೆಪವಾಗಿ ಕಂಡಿತು. ಒಂದು ದಿನ ಅದೇ ಬೆಂಚಿನ ಮೇಲೆ ನನ್ನ ಷಡ್ಡಕ ಅವರ ತೊಡೆ ತಟ್ಟುತ್ತಾ ನಗುತ್ತಿದ್ದ. ಆ ಜಮೀನನ್ನೂ ಅವನಿಗೇ ಎತ್ತಿಟ್ಟಿದ್ದಾರೆ ಎಂದು ಆ ಕ್ಷಣವೇ ತೀರ್ಮಾನಿಸಿದೆ.

ಮರುದಿನ ಚಾಮರಾಜನಗರದಲ್ಲಿ ಗಾಜಿನ ಬಾಗಿಲಿನ ಕಚೇರಿಯ ಇನ್ನೊಬ್ಬ ಏಜೆಂಟನನ್ನು ಹಿಡಿದೆ. ಅದೇ ಜಮೀನು ಮೂರು ವಾರದಲ್ಲಿ ನನ್ನ ಹೆಸರಿಗೆ ನೋಂದಣಿಯಾಯಿತು. ಷಡ್ಡಕನಿಗೆ ಫೋನ್ ಮಾಡಿ ಹೇಳುವಾಗ ನನ್ನ ದನಿ ಎಷ್ಟು ಜೋರಾಗಿತ್ತೆಂದರೆ, ಹೆಂಡತಿ ಅಡುಗೆಮನೆಯಿಂದ ಇಣುಕಿ ನೋಡಿದಳು.

ಬೇಲಿಗೆ ಕಲ್ಲುಕಂಬ ನೆಡಿಸುತ್ತಿದ್ದ ದಿನ ಒಬ್ಬ ಹೆಂಗಸು ಬಸ್ಸಿಳಿದು ನೇರ ಹೊಲಕ್ಕೆ ಬಂದಳು. ಪೂರ್ವದ ಮೂಲೆಯಲ್ಲಿ ಆಗತಾನೆ ನೆಟ್ಟ ಕಂಬದ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ಕೂಗಾಡಲಿಲ್ಲ. ಅಗೆದ ಮಣ್ಣನ್ನು ಅಂಗೈಯಿಂದ ಒಟ್ಟುಮಾಡುತ್ತಾ ಹೇಳಿದಳು: "ಇಲ್ಲಿ ನಮ್ಮವ್ವನ್ನ ಮಣ್ಣು ಮಾಡಿರದು ಸ್ವಾಮಿ. ಎದೆ ಮೇಲೇ ನೆಟ್ಬುಟ್ರಲ್ಲ."

ಅಲ್ಲಿ ಕಲ್ಲಿರಲಿಲ್ಲ, ಗುರುತಿರಲಿಲ್ಲ. ಏಜೆಂಟನಿಗೆ ಫೋನ್ ಮಾಡಿದೆ. "ನೋಂದಣಿ ಆಯ್ತಲ್ಲ ಸಾರ್" ಎಂದು ಇಟ್ಟುಬಿಟ್ಟ. ಆಮೇಲೆ ನಾಚಿಕೆ ಬಿಟ್ಟು ಗುಂಡ್ಲುಪೇಟೆಯ ದಲ್ಲಾಳಿಗೇ ಮಾಡಿದೆ.

ಮಧ್ಯಾಹ್ನದೊಳಗೆ ಬಂದರು. ನನ್ನ ಮುಖ ನೋಡಲಿಲ್ಲ. ಆಳುಗಳ ಜೊತೆ ತಾವೂ ಕೈಹಾಕಿ ಕಂಬ ಎತ್ತಿಸಿದರು. ಅವಳ ಪಕ್ಕ ಕೂತು ಮಣ್ಣು ಮುಚ್ಚಿದರು. "ನಾ ನಿಮ್ಮನೆಗೆ ಬಂದಾಗಲೇ ಯೋಳಿದ್ದೆ ಕಣ್ ತಾಯಿ ನೀನು, ಮೂಲೆ ಬುಟ್ಟು ಮಾರ್ಲಿ ಅಂತ. ಮಾರಕ್ಕೆ ಒಪ್ಪಿದ್ ಅಣ್ತಮ್ಮಂದ್ರು ಅದುನ್ನ ಮಾತ್ರ ಒಪ್ದೆ ಎಳದಾಡ್ತಿದ್ರು" ಅಂದರು.

ನಾಲ್ಕು ತಿಂಗಳು ಓಡಾಡಿದರು. ಅಣ್ಣತಮ್ಮಂದಿರಿಂದ ಅವಳ ಪಾಲು ಕೊಡಿಸಿದರು. ಆ ಮೂಲೆಯನ್ನೂ ಅಲ್ಲಿಗೆ ಹೋಗುವ ದಾರಿಯನ್ನೂ ನಾನು ಅವಳ ಹೆಸರಿಗೆ ಬರೆದುಕೊಟ್ಟೆ, ಉಳಿದದ್ದಕ್ಕೆ ಅವಳು ಸಹಿ ಹಾಕಿದಳು. ಇವರು ಕಮಿಷನ್ ಮುಟ್ಟಲಿಲ್ಲ.

ಅವತ್ತಾದರೂ ಸುಮ್ಮನಿರಬಹುದಿತ್ತು. ಕೇಳಿಯೇಬಿಟ್ಟೆ: "ನಮ್ಮ ಷಡ್ಡಕನಿಗೆ ಮಾತ್ರ ಬೇಗ ಕೊಡಿಸಿದಿರಿ."

ಅವರು ನಕ್ಕುಬಿಟ್ಟರು. "ಅವ್ರುನ್ನ ಎರಡು ವರ್ಸ ಕಾಯಿಸಿದ್ದೀನಿ ಮೇಷ್ಟ್ರೆ. ನಿಮ್ಗೆ ಯೋಳಿಲ್ವಾ?"

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಕಂಡದ್ದನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ. ಗಂಡಸರಿಗಿಂತ ಹೆಂಗಸರೇ ಹೆಚ್ಚಿದ್ದರು. ಎಲ್ಲೆಲ್ಲಿಗೋ ಮದುವೆಯಾಗಿ ಹೋದವರು. ಒಬ್ಬೊಬ್ಬಳೂ "ನಮ್ಮಣ್ಣ" ಎಂದೇ ಅಳುತ್ತಿದ್ದಳು. ನನಗಾಗಿ ಯಾರು ಹೀಗೆ ಬಸ್ಸು ಹತ್ತಿ ಬಂದಾರು ಎಂದುಕೊಂಡೆ. ಸತ್ತವರ ಮೇಲೂ ಹೊಟ್ಟೆಕಿಚ್ಚು ಬರುತ್ತದೆಂದು ಗೊತ್ತಿರಲಿಲ್ಲ.

ಪಕ್ಕದಲ್ಲಿದ್ದ ಮುದುಕಿ ಕಣ್ಣೊರೆಸಿಕೊಂಡು ಕೇಳಿದಳು: "ನೀವೇನಾಗ್ಬೇಕು ಸ್ವಾಮಿ ಅವ್ರಿಗೆ?"

"ಗಿರಾಕಿ" ಅಂದೆ. ಅದೂ ಸುಳ್ಳು. ಅವರ ಮೂಲಕ ನಾನು ಒಂದು ಗುಂಟೆಯನ್ನೂ ಕೊಂಡವನಲ್ಲ.