ಒಡೆಯನ ಮಚ್ಚೆ

ಒಡೆಯ ಎಂದು ಹೆಸರಿಟ್ಟವರು ಅವನಿಗೆ ಗೌರವದಿಂದ ಇಟ್ಟದ್ದಲ್ಲ. ತೊಟ್ಟಿಲಲ್ಲೇ ಗಿಲಕಿ ಒಡೆದ. ಹೆಜ್ಜೆಯಿಡಲು ಕಲಿತ ದಿನವೇ ಅಜ್ಜಿಯ ಕನ್ನಡಕ ಒಡೆದ. ಮನೆಯಲ್ಲಿ ಒಡೆಯಲು ಏನೂ ಉಳಿಯದಿದ್ದಾಗ ಭೌತವಿಜ್ಞಾನಕ್ಕೆ ಬಂದ. ಆದರೆ ಆ ಹೆಸರಿನೊಳಗಿನ ಯಜಮಾನಿಕೆಯೊಂದೇ ಅವನ ಕಿವಿಗೆ ಬೀಳುತ್ತಿತ್ತು.

ಕಸುಬು, ಅಯಾನು ಒಡೆಯುವುದು. ಎರಡು ಪ್ರೋಟಾನು, ನಡುವೆ ಒಂದೇ ಎಲೆಕ್ಟ್ರಾನು. ಒಂದೇ ಹೊದಿಕೆಗೆ ಎಳೆದಾಡುವ ಓರಗಿತ್ತಿಯರಂತೆ ಹೇಗೋ ಸಂಸಾರ ನಡೆಸುವ ಹೈಡ್ರೋಜನ್ ಅಣುವಿನ ಅಯಾನು. ಇವನ್ನು ಗಾಳಿ ತೆಗೆದ ಉಕ್ಕಿನ ಕೊಳವೆಯಲ್ಲಿ ಓಡಿಸಿ, ಅಡ್ಡಲಾಗಿ ಕಣ್ಣಿಗೆ ಕಾಣದ ಲೇಸರ್ ಮಿಡಿತ ಹೊಡೆಯಬೇಕು. ಆ ಮಿಡಿತದ ಮುಂದೆ ರೆಪ್ಪೆ ಬಡಿಯುವುದೂ ಒಂದು ಯುಗ. ಬೆಳಕಿನ ಬಿರುಸಿಗೆ ಹಿಡಿತ ಸಡಿಲಗೊಂಡು ಜೋಡಿ ಬೇರ್ಪಡುತ್ತದೆ. ಬೆಳಕಿನ ಅಲೆ ತೂಗಾಡುವ ದಿಕ್ಕಿನಲ್ಲೇ ಚೂರುಗಳು ಸಿಡಿದು ತೆರೆಯ ಮೇಲೆ ಎರಡು ಬದಿಗೆ ಚುಕ್ಕಿಗಳಾಗಿ ಮೂಡುತ್ತವೆ.

ಒಡೆಯನ ತೆರೆಯ ನಟ್ಟನಡುವೆ ಮಾತ್ರ ಯಾವ ದಿಕ್ಕಿಗೂ ಜಗ್ಗದ ಒಂದು ದುಂಡು ಮಚ್ಚೆ ಕಾಣಿಸಿಕೊಂಡಿತು. ಅಂದಿನಿಂದ ಅವನ ಕಾಲು ನೆಲಕ್ಕೆ ತಾಗಲಿಲ್ಲ. ಚಪ್ಪಲಿ ಸವೆಯುವುದೇ ನಿಂತುಹೋಯಿತು. ಮಚ್ಚೆಗೆ ತನ್ನ ಹೆಸರನ್ನೇ ಇಟ್ಟ. ಪ್ರಯೋಗಾಲಯದ ಮುಖ್ಯಸ್ಥರ ಕುರ್ಚಿ ಆಗಷ್ಟೇ ಖಾಲಿಯಾಗಿತ್ತು. ಅದು ಈ ಮಚ್ಚೆಯ ಬಲದಿಂದ ತನ್ನದೇ ಎಂದು ಮೈ ಅಳತೆಗೆ ಮೆತ್ತೆಯನ್ನೂ ಹೊಲಿಸಿದ.

"ಲೇಸರ್ ಮುಚ್ಚಿ ಒಂದ್ಸಲ ನೋಡಿದ್ರಾ ಸಾರ್?" ಎಂದಳು ಪಕ್ಕದ ಮೇಜಿನ ಸಹೋದ್ಯೋಗಿ. "ಕೊಳವೇಲಿ ಗಾಳಿ ಉಳಿದಿದ್ರೆ, ಅದಕ್ಕೆ ಡಿಕ್ಕಿ ಹೊಡೆದೂ ಅಯಾನು ಒಡೆಯತ್ತೆ."

"ಕಣ್ಣು ಮುಚ್ಕೊಂಡು ಸಿನಿಮಾ ನೋಡ್ತಾರೇನಮ್ಮ?" ಎಂದು ಒಡೆಯ ತನ್ನ ಮಾತಿಗೆ ತಾನೇ ನಕ್ಕ. ಬೇರೆ ಯಾರೂ ನಗಲಿಲ್ಲ.

ಆಯ್ಕೆ ಸಮಿತಿಯ ಹಿರಿಯ ವಿಜ್ಞಾನಿ ಬರುವ ದಿನ, ತನ್ನ ವೈಭವ ಕಣ್ತುಂಬಿಕೊಳ್ಳಲೆಂದು ಹೆಂಡತಿಯನ್ನೂ ಅವಳ ತಮ್ಮನನ್ನೂ ಕರೆಸಿದ. "ಬಾಗಿಲ ಮೇಲೆ ಕೆಂಪು ದೀಪ ಇದ್ರೆ ಲೇಸರ್ ಓಡ್ತಿದೆ ಅಂತ, ಒಳಗೆ ಬರಬೇಡಿ. ಹಸಿರಿದ್ರೆ ಬಂದ್ ಆಗಿದೆ ಅಂತ," ಎಂದು ಇಬ್ಬರಿಗೂ ಪಾಠ ಒಪ್ಪಿಸಿದ. ಆದರೆ ಮುಚ್ಚಿದ ಬಾಗಿಲ ಹೊರಗೆ ನಿಂತವರಿಗೆ ವೈಭವ ಕಾಣುವುದು ಹೇಗೆ? ಬಾಗಿಲನ್ನು ಅಗಲಕ್ಕೆ ತೆರೆದು, ಅದಕ್ಕೊಂದು ಸ್ಟೂಲು ಒತ್ತಿಟ್ಟ. ಬಾಗಿಲು ತೆರೆದರೆ ಲೇಸರಿಗೆ ತಾನಾಗಿ ಮುಚ್ಚಳ ಬೀಳುತ್ತದೆಂಬುದು ಆ ಗಳಿಗೆಯಲ್ಲಿ ಅವನ ನೆನಪಿಗೇ ಬರಲಿಲ್ಲ.

ಹಿರಿಯಾಕೆ ಬಂದು ತೆರೆಯ ಮುಂದೆ ನಿಂತೊಡನೆ, ಬಾಗಿಲಿಗೆ ಬೆನ್ನು ಹಾಕಿ ಶುರು ಮಾಡಿದ. "ನೋಡಿ ಮೇಡಂ, ನನ್ನ ಲೇಸರಿನ ಹೊಡೆತಕ್ಕೆ ಹೇಗೆ ಒಡೀತಿದೆ!" ದನಿ ಮೂರು ಮಹಡಿ ದಾಟಿ ಮೇಲಿನ ಪಾರಿವಾಳಗಳನ್ನು ಎಬ್ಬಿಸಿತು.

"ಏನ್ರೀ, ಹಸಿರು ದೀಪ ಹತ್ತಿದೆ. ಒಳಗೆ ಬರಬಹುದಲ್ವಾ?" ಎಂದಳು ಹೆಂಡತಿ.

"ಸುಮ್ನಿರೇ! ಇಲ್ಲಿ ಒಡೀತಿರೋದು ಕಾಣಲ್ವಾ?"

ಬಾಮೈದ ಕತ್ತು ಚಾಚಿದ. "ಭಾವ, ಹಸಿರು ಅಂದ್ರೆ ಬಂದ್ ಅಂತ ನೀವೇ ಹೇಳಿದ್ರಲ್ಲ? ಮತ್ತೆ ಒಡೀತಿರೋದು ಯಾರು?"

ಹಿರಿಯಾಕೆ ದೀಪ ನೋಡಿದರು, ತೆರೆ ನೋಡಿದರು. ಎರಡು ಬದಿಯ ಚುಕ್ಕಿಗಳು ಹೊಸದಾಗಿ ಬೀಳುತ್ತಿರಲಿಲ್ಲ. ನಡುವಿನ ಮಚ್ಚೆ ಮಾತ್ರ ಊಟಕ್ಕೆ ಬಂದ ಅಳಿಯನಂತೆ ಕದಲದೆ ಕೂತು ದಪ್ಪಗಾಗುತ್ತಿತ್ತು. "ಇದೇನು, ಹೇಳಿ," ಎಂದರು. ದನಿಯಲ್ಲಿ ಕನಿಕರವಿತ್ತು. ತಪ್ಪಾಯಿತು ಎಂದಿದ್ದರೆ ಕುರ್ಚಿಯ ಒಂದು ಕಾಲಾದರೂ ದಕ್ಕುತ್ತಿತ್ತೇನೋ.

ಒಡೆಯ ದೀಪದತ್ತ ತಿರುಗಿ ನೋಡಿದ. ಹೊಲಿಸಿಟ್ಟ ಮೆತ್ತೆ ಕಣ್ಣ ಮುಂದೆ ಬಂತು. "ಇದೇ ಇನ್ನೂ ದೊಡ್ಡ ಸಂಗತಿ ಮೇಡಂ! ಬೆಳಕಿಲ್ಲದೇನೇ ಒಡೀತು!"

"ಸರಿ," ಎಂದರು ಹಿರಿಯಾಕೆ, ಲೇಸರಿಗೆಂದು ಹಾಕಿದ್ದ ಕಪ್ಪು ಕನ್ನಡಕ ತೆಗೆದಿಡುತ್ತಾ. "ಹಾಗಾದ್ರೆ ಇದಕ್ಕೆ ಲೇಸರೂ ಬೇಡ, ನೀವೂ ಬೇಡ."

ಕುರ್ಚಿ ಪಕ್ಕದ ಮೇಜಿನವಳಿಗೆ ಹೋಯಿತು. ಅವಳು ಮೊದಲು ಕೊಳವೆಯ ಗಾಳಿಯನ್ನು ಪೂರ್ತಿ ತೆಗೆಸಿದಳು, ಮಚ್ಚೆ ಅಳಿಸಿಹೋಯಿತು.

ಒಡೆಯ ಈಗಲೂ ಮೆತ್ತೆಯನ್ನು ಕಂಕುಳಲ್ಲಿಟ್ಟುಕೊಂಡೇ ಓಡಾಡುತ್ತಾನೆ. ಸಿಕ್ಕವರನ್ನು ನಿಲ್ಲಿಸಿ ಹೇಳುತ್ತಾನೆ: "ನನ್ನ ಮಚ್ಚೇನ ಅವಳು ಕದ್ದುಬಿಟ್ಳು!"