ಉಣ್ಣದೆ ಕಾಯುವ ದೃಶ್ಯ

ನಿನ್ನೆ ಪೊಲೀಸ್ ಕುಟುಂಬದ ಧಾರಾವಾಹಿಯಲ್ಲಿ ಇನ್‌ಸ್ಪೆಕ್ಟರನ ಹೆಂಡತಿ ಇಡೀ ಸಂಚಿಕೆ ಉಣ್ಣದೆ ಗಂಡನಿಗಾಗಿ ಕಾದಳು. ಫೋನಿನಲ್ಲಿ ಆ ಸಂಚಿಕೆಯ ಕೆಳಗೆ ಪ್ರೇಕ್ಷಕ ಮಹಾಪ್ರಭುಗಳು ತೀರ್ಪು ಬರೆದಿದ್ದಾರೆ: "ಓವರ್ ಆಕ್ಟಿಂಗ್." "ಹಸಿವಾದರೆ ಉಣ್ಣಬೇಕಪ್ಪ, ಕಥೆ ಎಳೀಬೇಡಿ."

ನನ್ನ ಚಿಕ್ಕಂದಿನಲ್ಲಿ ಬನಹಟ್ಟಿಯ ನಮ್ಮ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಅಪ್ಪನ ಬೈಕು ಬಂದದ್ದೇ ಕೇಳುತ್ತಿರಲಿಲ್ಲ. ಅದಕ್ಕೇ ಅವ್ವ ಹೊಸ್ತಿಲಲ್ಲಿ ಕೂತು ದಾರಿ ನೋಡುತ್ತಿದ್ದಳು. ಒಂದು ಗಣಪತಿ ಹಬ್ಬದ ಮಧ್ಯಾಹ್ನ ಕಾನ್‌ಸ್ಟೇಬಲ್ ಅಪ್ಪ ಮುಧೋಳದಲ್ಲಿ ಬಂದೋಬಸ್ತಿಗೆ ನಿಂತಿದ್ದ. ಇಲ್ಲಿ ಹೋಳಿಗೆ ಆರುತ್ತಿತ್ತು. ಅವ್ವನಿಗೆ ಹೇಗಾದರೂ ಉಣಿಸಬೇಕೆಂದು, ಘನ ಸರ್ಕಾರದ ಪರವಾಗಿ, ನಾನು ಅಪ್ಪನ ಹಳೆಯ ಟೋಪಿ ಹಾಕಿಕೊಂಡೆ. ಅದು ಮೂಗಿನವರೆಗೆ ಇಳಿಯಿತು. ಹಿತ್ತಲ ಬಾಗಿಲಿಂದ ಬಂದು, ಅಪ್ಪ ಅವ್ವನನ್ನು ಕರೆಯುವ ಹಾಗೇ ಗುಡುಗಿದೆ:

"ಏ ಇಕಿನ, ತಾಟ ಹಚ್ಚ! ಕೂಡೇ ಉಣ್ಣೂಣು!"

ಅವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ಬರ್ರಿ ಸಾಹೇಬ್ರ, ಕೈಕಾಲ ತೊಳಕೋರಿ."

ನನ್ನ ಹೋಳಿಗೆಯ ಮೇಲೆ ತುಪ್ಪ ಸುರಿದಳು.

"ನೀನೂ ಉಣ್ಣ ಬೇ."

"ನಿಮ್ಮಪ್ಪ ಬರ್ಲಿ ತಡಿ, ಅವರ ಕೂಡ ಉಣ್ತೀನಿ."

ಟೋಪಿಯ ಒಳಗೇ ಅಳು ಬಂತು. ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದ, ಠಾಣೆಯಲ್ಲೇ ಉಂಡು ಬಂದಿದ್ದ.

ಈಗ ಅವ್ವ ಇಲ್ಲ. ನಿವೃತ್ತನಾದ ಅಪ್ಪ ಈ ಧಾರಾವಾಹಿಯ ಒಂದು ಸಂಚಿಕೆಯನ್ನೂ ಬಿಡುವುದಿಲ್ಲ. ನಿನ್ನೆ ಆ ದೃಶ್ಯ ನೋಡಿ ನಕ್ಕ:

"ಖರೆ ಪೊಲೀಸರ ಮನ್ಯಾಗ ಹಿಂಗ ಯಾರ ಕಾಯ್ತಾರಲೇ? ಎಲ್ಲಾ ಸುಳ್ಳ."

ನಾನು ಟೀವಿಯ ಸದ್ದು ಹೆಚ್ಚಿಸಿದೆ.