ನುಣುಪಕ್ಕ ಉಜ್ಜಿದ ರೆಕ್ಕೆ

ಬೆಳಗ್ಗೆ ಎದ್ದೊಡನೆ ಬೆಚ್ಚಗಿನ ನೀರಲ್ಲಿ ಕೈ ತೊಳೆದು, ಹತ್ತೂ ಬೆರಳ ತುದಿಗೆ ಎಣ್ಣೆ ಸವರುವುದನ್ನು ನಮ್ಮ ಅತ್ತಿಗೆ ಒಂದು ದಿನವೂ ತಪ್ಪಿಸಿದವರಲ್ಲ. ದೇವರು ಕೊಟ್ಟ ಅಳತೆಗೋಲು ಒರಟಾಗಬಾರದು ಎನ್ನುತ್ತಾರೆ. "ಬೆರಳು ಇವಳದ್ದು, ಪಾತ್ರೆ ತಿಕ್ಕೋ ಭಾಗ್ಯ ನಂದು" ಎಂದು ಅಣ್ಣ ಗೊಣಗುವುದೂ ತಪ್ಪಿದ್ದಿಲ್ಲ.

ವಿಮಾನದ ಹೊಸ ರೆಕ್ಕೆಗಳಿಗೆ ತೋಳುದ್ದದ ಮಾದರಿ ಮಾಡಿ, ಗಾಳಿ ಬೀಸಿ ಪರೀಕ್ಷಿಸುವ ಕಾರ್ಯಾಗಾರದಲ್ಲಿ ಅತ್ತಿಗೆಯದು ಇಪ್ಪತ್ತಾರು ವರ್ಷದ ಕೆಲಸ. ಮಾದರಿಯನ್ನು ಉಜ್ಜಿ ನುಣುಪು ಮಾಡುವುದು ಅವರ ಪಾಲು. ಅಲ್ಲಿ ಎಲ್ಲರಿಗೂ ಅವರು ನುಣುಪಕ್ಕ.

ಒಮ್ಮೆ ಪರೀಕ್ಷೆಗೆ ಬಂದ ರೆಕ್ಕೆ ಒಬ್ಬ ಎಂಜಿನಿಯರ್ ಹುಡುಗಿಯ ಕಲ್ಪನೆ; ಹಾರುವಾಗ ಗಾಳಿ ಹಿಂದಕ್ಕೆ ಎಳೆಯುವುದನ್ನು ಅದು ತಗ್ಗಿಸಬೇಕಿತ್ತು. ಗಾಳಿಯ ಎಳೆತ ತಗ್ಗಿದರೆ ವಿಮಾನ ಸುಡುವ ಇಂಧನವೂ ಉಗುಳುವ ಹೊಗೆಯೂ ತಗ್ಗುತ್ತವೆ. ಆದರೆ ಪರೀಕ್ಷೆಯಲ್ಲಿ ಎಳೆತ ಒಂದಿಷ್ಟೂ ತಗ್ಗಲಿಲ್ಲ. ಆ ರೆಕ್ಕೆಯನ್ನು ಕೈಬಿಡುವುದೆಂದಾಯಿತು.

ಮರುದಿನ ಊಟದ ಹೊತ್ತಿಗೆ ಹುಡುಗಿ ಅತ್ತಿಗೆಯ ಎದುರು ಬಂದು ಕುಳಿತಳು. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಎರಡು ವರ್ಷದ ಕೆಲಸ ನೀರುಪಾಲಾಯ್ತು ಅಕ್ಕಾ. ಆ ಗೀರುಗಳು ಕೈ ಹಿಡೀತವೆ ಅಂದ್ಕೊಂಡಿದ್ದೆ."

"ಯಾವ ಗೀರು?"

"ರೆಕ್ಕೆ ಮೇಲೆ ಸಾಲಾಗಿ ಇದ್ವಲ್ಲ, ಕೂದಲಿಗಿಂತ ಸಣ್ಣವು. ಕೆಲವು ಮೀನಿನ ಚರ್ಮದಲ್ಲಿ ಇರೋ ಥರ. ಎಳೆತ ತಗ್ಗಿಸಬೇಕಿದ್ದಿದ್ದೇ ಅವು."

ಅತ್ತಿಗೆಯ ತುತ್ತು ಅಲ್ಲೇ ನಿಂತಿತು. ಕೊರೆಯುವ ಯಂತ್ರ ಬಿಟ್ಟ ಗಾಯಗಳೆಂದುಕೊಂಡು ಅವನ್ನು ಎರಡು ದಿನ ಕೂತು ಉಜ್ಜಿ ತೆಗೆದಿದ್ದರು. ಗೀರುಗಳ ವಿವರವಿದ್ದ ನಕ್ಷೆಯ ಎರಡನೇ ಹಾಳೆಯನ್ನು ತಿರುವಿಯೇ ನೋಡಿರಲಿಲ್ಲ.

"ಅವನ್ನ ನಾನೇ ತಿಂದುಹಾಕಿದೆ ಕಣೇ" ಎಂದರು.

ಹುಡುಗಿ ಬಾಯಿ ತೆರೆದುಕೊಂಡು ನೋಡಿದಳು. ಆಮೇಲೆ ನಗುವೂ ಅಳುವೂ ಒಟ್ಟಿಗೇ ಬಂದವು. "ನಿಮ್ಮ ನುಣುಪಿಗಿಷ್ಟು ಬೆಂಕಿ ಹಾಕ, ಅಕ್ಕಾ!"

ಇಬ್ಬರೂ ಮುಖ್ಯಸ್ಥರ ಕೋಣೆಗೆ ಹೋದರು. ಅತ್ತಿಗೆ ಒಂದೂ ಬಿಡದೆ ಹೇಳಿದರು. ಮುಖ್ಯಸ್ಥರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು.

"ಇನ್ನೊಂದು ಮಾದರಿ ಕೊರೆಸೋಣ. ಆದ್ರೆ ಮೇಲಿನವರಿಗೆ ಕಾರಣ ಬರೀಬೇಕು. ಯಂತ್ರ ಸರಿಯಾಗಿ ಕೊರೀಲಿಲ್ಲ ಅಂತ ಬರೀತೀನಿ ಬಿಡಿ. ಬರೋ ವರ್ಷ ನಿಮ್ಮ ನಿವೃತ್ತಿ, ಈಗ ಯಾಕೆ ಕಪ್ಪು ಚುಕ್ಕೆ? ಯಂತ್ರಕ್ಕೇನು ಮಾನ ಹೋಗುತ್ತಾ?"

ಅತ್ತಿಗೆ ಎಣ್ಣೆ ಮಿನುಗುವ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡರು.

"ಬೇಡ ಸಾರ್. ಹಾಗೆ ಬರೆದ್ರೆ, ಇಂಥ ಗೀರು ಕೊರೆಯೋಕೇ ಆಗಲ್ಲ ಅಂದ್ಕೋತಾರೆ. ಇವಳ ರೆಕ್ಕೆ ಮತ್ತೆ ಮೂಲೆ ಸೇರುತ್ತೆ. ಯಂತ್ರ ಚೆನ್ನಾಗೇ ಕೊರೀತು, ನುಣುಪಕ್ಕ ಉಜ್ಜಿದ್ಲು ಅಂತಾನೇ ಬರೀರಿ."